ಹಾರುವಾಗ ಕಿಟಕಿಯ ಒಳ ಚೌಕಟ್ಟು ಕೈಗೆ ಬಂತು, ಯಾರಿಗೂ ಹೇಳಲಿಲ್ಲ. ತಪ್ಪು ಮಾಡಿದೆನಾ?

ಕಿಟಕಿ ಸೀಟು:

ಎಲ್ಲರಿಗೂ ನಮಸ್ಕಾರ. ವಿಮಾನದ ಕೆಲಸದಲ್ಲಿರುವವರು ಇಲ್ಲಿ ಕೆಲವರಿದ್ದೀರಿ ಅಂತ ಹಳೇ ಚರ್ಚೆಗಳಲ್ಲಿ ನೋಡಿದ್ದೆ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ಹೋದ ವಾರ ಅಮ್ಮನನ್ನು ಕರೆದುಕೊಂಡು ಬೆಂಗಳೂರಿನಿಂದ ದೆಹಲಿಗೆ ಬಂದೆ. ಅಕ್ಕ ಇಲ್ಲಿದ್ದಾಳೆ. ಅಮ್ಮ ವಿಮಾನ ಹತ್ತಿದ್ದು ಇದು ಎರಡನೇ ಸಲ, ಹಾಗಾಗಿ ಕಿಟಕಿ ಪಕ್ಕ ಕೂರಿಸಿದ್ದೆ. ಮೇಲೆ ಹೋಗಿ ಅರ್ಧ ಗಂಟೆ ಆಗಿರಬಹುದು. ಅವಳು ನಿದ್ದೆ ಬಂದು ಗೋಡೆಗೆ ತಲೆ ಒರಗಿಸಿದಳು. ಟಕ್ ಅಂತ ಸದ್ದಾಯಿತು. ನೋಡಿದರೆ ಕಿಟಕಿಯ ಸುತ್ತ ಇರುವ ಬಿಳಿ ಪ್ಲಾಸ್ಟಿಕ್ ಚೌಕಟ್ಟು ಒಂದು ಬದಿ ಪೂರ್ತಿ ಬಿಟ್ಟುಕೊಂಡು ಅವಳ ಭುಜದ ಮೇಲೆ ಬಂದಿದೆ. ಅದರ ಹಿಂದೆ ಹತ್ತಿಯ ದಿಂಬಿನಂತಹ ಏನೋ, ಒಂದು ಲೋಹದ ಅಂಚು, ಅಲ್ಲಿಂದ ತಣ್ಣಗೆ ಬರುತ್ತಿತ್ತು. ಗಾಳಿಯ ಸದ್ದೂ ಜಾಸ್ತಿ ಆದ ಹಾಗೆ ಅನ್ನಿಸಿತು.

ನನಗೆ ಕೈಕಾಲು ಆಡಲಿಲ್ಲ. ಅಮ್ಮನಿಗೆ ಬೇರೆಯದೇ ಭಯ. "ನನ್ನಿಂದ ಮುರಿದುಹೋಯ್ತೇನೋ? ದುಡ್ಡು ಕಟ್ಟಿ ಅಂತಾರೇನೋ? ಯಾರಿಗೂ ಹೇಳಬೇಡ ಕಣೋ" ಅಂತ ಪಿಸುಗುಟ್ಟಿದಳು. ನಾನು ಅಂಗೈಯಿಂದ ಒತ್ತಿ ಹೇಗೋ ಕೂರಿಸಿದೆ. ಮತ್ತೆ ಬಿಟ್ಟುಕೊಂಡಿತು. ಕೊನೆಗೆ ದೆಹಲಿ ಬರುವವರೆಗೂ ಒಂದು ಕೈಯಲ್ಲಿ ಹಿಡಿದುಕೊಂಡೇ ಕೂತಿದ್ದೆ. ಗಗನಸಖಿಯರು ಎರಡು ಸಲ ಪಕ್ಕದಲ್ಲೇ ಹೋದರು. ನಾನು ಬಾಯಿ ಬಿಡಲಿಲ್ಲ.

ಅಷ್ಟು ಸಾಲದು ಅಂತ ಹೊರಗೆ ನೋಡಿದರೆ ರೆಕ್ಕೆಯ ಮೇಲೆ ಒಂದು ಕಡೆ ಬೆಳ್ಳಿ ಬಣ್ಣದ ಟೇಪ್ ಅಂಟಿಸಿದ್ದರು. ನಾವು ನೀರಿನ ಪೈಪಿಗೆ ಸುತ್ತುತ್ತೇವಲ್ಲ, ಹಾಗೆ. ವಿಮಾನಕ್ಕೂ ಟೇಪ್ ಹಾಕುತ್ತಾರಾ?

ಮನೆಗೆ ಬಂದ ಮೇಲೆ ಹುಡುಕಿ ಓದುತ್ತಾ ಕೂತೆ. ಚಕ್ರ ಬಿದ್ದದ್ದು, ಎಂಜಿನ್ ಮುಚ್ಚಳ ಬಿದ್ದದ್ದು, ಬಾಗಿಲೇ ಹಾರಿಹೋದದ್ದು, ಎಲ್ಲ ಓದಿ ಈಗ ನಿದ್ದೆ ಬರುತ್ತಿಲ್ಲ. ಇಷ್ಟು ಸಲ ಹೀಗಾಗುತ್ತದಾ? ಯಾವುದು ಬಿಟ್ಟುಕೊಂಡರೆ ಅಪಾಯ, ಯಾವುದು ಅಲ್ಲ ಅಂತ ನಮ್ಮಂಥವರಿಗೆ ಗೊತ್ತಾಗುವುದು ಹೇಗೆ? ಇನ್ನೊಂದು ವಿಷಯ, ಇದೇ ನನ್ನನ್ನು ಜಾಸ್ತಿ ಕೊರೆಯುತ್ತಿರುವುದು. ನಾವು ಇಳಿದ ಮೇಲೆ ಅದೇ ವಿಮಾನ ಬೇರೆಯವರನ್ನು ಹತ್ತಿಸಿಕೊಂಡು ಹೋಗಿರುತ್ತದೆ, ಅಲ್ವಾ? ಆ ಸೀಟಲ್ಲಿ ಯಾರೋ ಕೂತಿರುತ್ತಾರೆ. ಹೇಳದೇ ಇದ್ದದ್ದು ತಪ್ಪಾಯಿತಾ? ಈಗ ಹೇಳಿದರೆ ಉಪಯೋಗ ಇದೆಯಾ?

ಹಾಸನದ ಹುಡುಗ:

ಇದು ನಿಮಗೊಬ್ಬರಿಗೇ ಆದದ್ದಲ್ಲ. 2025ರ ಜುಲೈ ಮೊದಲಲ್ಲಿ ಗೋವಾದಿಂದ ಪುಣೆಗೆ ಹೊರಟ ಕ್ಯೂ400 ವಿಮಾನದಲ್ಲೂ ಹೀಗೇ ಕಿಟಕಿಯ ಒಳ ಚೌಕಟ್ಟು ಕಳಚಿಕೊಂಡಿತ್ತು, ಪ್ರಯಾಣಿಕರು ತೆಗೆದ ವಿಡಿಯೊ ಎಲ್ಲ ಕಡೆ ಓಡಾಡಿತು. ಅದು ಬರೀ ಅಂದಕ್ಕೆ ಇರುವ ಭಾಗ, ಒಳಗಿನ ಒತ್ತಡಕ್ಕೆ ಏನೂ ಆಗಿರಲಿಲ್ಲ ಅಂತ ಕಂಪನಿಯವರು ಹೇಳಿದರು, ಪುಣೆಯಲ್ಲಿ ಇಳಿದ ಮೇಲೆ ಸರಿ ಮಾಡಿದರು. ನಿಮ್ಮದೂ ಅದೇ ಇರಬೇಕು. ಆದರೆ ನಿಮ್ಮ ಜಾಗದಲ್ಲಿ ನಾನಿದ್ದರೂ ಹೆದರಿರುತ್ತಿದ್ದೆ. ಕೆಳಗೆ ಮೂವತ್ತು ಸಾವಿರ ಅಡಿ ಇರುವಾಗ ಅಂದಕ್ಕೆ ಇರುವುದು ಯಾವುದು, ಗಟ್ಟಿಗೆ ಇರುವುದು ಯಾವುದು ಅಂತ ಯಾರಿಗೆ ಗೊತ್ತಾಗುತ್ತದೆ? ಹಳೇ ಹ್ಯಾಂಗರ್ ಸರ್ ಇದ್ದರೆ ಬಿಡಿಸಿ ಹೇಳಿ.

ಹಳೇ ಹ್ಯಾಂಗರ್:

ಇದ್ದೇನೆ. ಇಪ್ಪತ್ತೆರಡು ವರ್ಷದಿಂದ ಎಎಂಇ, ಅಂದರೆ ವಿಮಾನ ನೋಡಿ ಸಹಿ ಹಾಕಿ ಬಿಡುವ ನಿರ್ವಹಣಾ ಎಂಜಿನಿಯರ್. ಕೆಲಸ ಜಾಸ್ತಿ ಬೆಂಗಳೂರಿನಲ್ಲೇ, ಜಾಸ್ತಿ ರಾತ್ರಿಯಲ್ಲೇ.

ಕಿಟಕಿ ಸೀಟು ಅವರೇ, ಮೊದಲು ಅಮ್ಮನಿಗೆ ಹೇಳಿ. ಅವರಿಂದ ಏನೂ ಮುರಿದಿಲ್ಲ, ಯಾರೂ ದುಡ್ಡು ಕೇಳುವುದಿಲ್ಲ. ತಲೆ ಒರಗಿಸಿದ್ದಕ್ಕೆ ಬಿಟ್ಟುಕೊಂಡಿತು ಅಂದರೆ ಅದು ಆಗಲೇ ಬಿಡುವ ಹಂತಕ್ಕೆ ಬಂದಿತ್ತು ಅಂತ ಅರ್ಥ.

ಕಿಟಕಿಯ ವಿಷಯ. ನೀವು ಮುಟ್ಟುವ ಪ್ಲಾಸ್ಟಿಕ್ ಹಾಳೆ ನಿಜವಾದ ಕಿಟಕಿಯೇ ಅಲ್ಲ. ಅದು ಒಳಗೋಡೆಗೆ ಸೇರಿದ್ದು, ಜನ ಗೀಚಬಾರದು, ಒತ್ತಬಾರದು ಅಂತ ಹಾಕಿದ ತೆಳು ಹಾಳೆ. ಅದರಾಚೆ ಇನ್ನೂ ಎರಡು ಪದರ ಇವೆ, ದಪ್ಪ ಅಕ್ರಿಲಿಕ್‌ನವು, ವಿಮಾನದ ಮೈಯಲ್ಲೇ ಕೂರಿಸಿದವು. ತೀರಾ ಹೊರಗಿನದು ಒತ್ತಡವನ್ನೆಲ್ಲ ಹೊರುತ್ತದೆ. ಮಧ್ಯದ್ದರ ಕೆಳಗೆ ಒಂದು ಪುಟ್ಟ ತೂತು ಇರುತ್ತದೆ, ಮುಂದಿನ ಸಲ ನೋಡಿ. ಆ ತೂತಿನಿಂದ ಗಾಳಿ ಆಚೆಗೂ ಹೋಗುವುದರಿಂದ ಭಾರ ಪೂರ್ತಿ ಹೊರ ಪದರದ ಮೇಲೆ ಬೀಳುತ್ತದೆ, ಮಧ್ಯದ್ದು ಸುಮ್ನೆ ಕಾಯುತ್ತಾ ನಿಂತಿರುತ್ತದೆ. ಹೊರಗಿನದು ಒಡೆದರೆ ಆಗ ಮಧ್ಯದ್ದು ಹೊರುತ್ತದೆ. ನಿಮ್ಮ ಕೈಗೆ ಬಂದ ಚೌಕಟ್ಟಿಗೂ ಈ ಎರಡಕ್ಕೂ ಸಂಬಂಧವೇ ಇಲ್ಲ. ನೀವು ನೋಡಿದ ಹತ್ತಿಯಂಥದ್ದು ಚಳಿ ಮತ್ತು ಸದ್ದು ತಡೆಯುವ ಹೊದಿಕೆ. ಹೊರಗೆ ಮೈನಸ್ 50 ಡಿಗ್ರಿ ಇರುವಾಗ ಮುಚ್ಚಳ ತೆಗೆದರೆ ತಣ್ಣಗೆ ಅನ್ನಿಸುತ್ತದೆ, ಸದ್ದೂ ಕೇಳುತ್ತದೆ. ಗಾಳಿ ಸೋರುತ್ತಿರಲಿಲ್ಲ.

ಇದು ಯಾಕೆ ಸಡಿಲ ಆಗುತ್ತದೆ ಅಂದರೆ, ಹೆಚ್ಚಾಗಿ ಪ್ಲಾಸ್ಟಿಕ್ ಕ್ಲಿಪ್ಪುಗಳ ಮೇಲೆ ನಿಂತಿರುತ್ತದೆ. ದೊಡ್ಡ ತಪಾಸಣೆ ಬಂದಾಗ ಒಳಗೋಡೆಯನ್ನೆಲ್ಲ ಬಿಚ್ಚಿ, ಹಿಂದೆ ತುಕ್ಕು ಬಿರುಕು ನೋಡಿ, ಮತ್ತೆ ಕೂರಿಸುತ್ತೇವೆ. ಹಳೇ ಕ್ಲಿಪ್ ಒಣಗಿ ಪೆಡಸಾಗಿರುತ್ತದೆ. ನಾಲ್ಕರಲ್ಲಿ ಒಂದು ಮುರಿದರೂ ಕೂರಿಸಿದಾಗ ಗಟ್ಟಿಯಾಗಿಯೇ ಕಾಣುತ್ತದೆ.

ಟೇಪ್ ಬಗ್ಗೆ. ಅದು ನಿಮ್ಮ ಮನೆಯ ಟೇಪ್ ಅಲ್ಲ, ಸ್ಪೀಡ್ ಟೇಪ್ ಅಂತ ಅಲ್ಯೂಮಿನಿಯಂ ಹಾಳೆಯದು, ಗಾಳಿಯ ವೇಗವನ್ನೂ ಬಿಸಿಲು ಚಳಿಯನ್ನೂ ತಡೆಯುತ್ತದೆ. ಎಲ್ಲಿ ಅಂಟಿಸಬಹುದು, ಎಷ್ಟು ದಿನ ಇರಬಹುದು ಅಂತ ಕೈಪಿಡಿಯಲ್ಲಿ ಇರುತ್ತದೆ. ಭಾರ ಹೊರುವ ಜಾಗಕ್ಕೆ ಅಂಟಿಸುವ ಹಾಗಿಲ್ಲ. ಬೋಯಿಂಗ್ 787 ವಿಮಾನದ ರೆಕ್ಕೆಯಲ್ಲಿ ಬಿಸಿಲಿಗೆ ಬಣ್ಣ ಎದ್ದಾಗ ಮತ್ತೆ ಬಣ್ಣ ಹೊಡೆಯುವವರೆಗೆ ಇದೇ ಟೇಪ್ ಹಾಕುತ್ತಾರೆ. ಇನ್ನೊಂದು ವಿಷಯ ಹೇಳುತ್ತೇನೆ, ಹೆದರಬೇಡಿ. ಕೆಲವು ಚಿಕ್ಕ ಭಾಗಗಳು ಇಲ್ಲದೆಯೂ ವಿಮಾನ ಹಾರಬಹುದು. ಅದಕ್ಕೆ ಸಿಡಿಎಲ್ ಅಂತ ಒಂದು ಪಟ್ಟಿಯೇ ಇದೆ. ಯಾವ ಮುಚ್ಚಳ ಇಲ್ಲದಿದ್ದರೆ ನಡೆಯುತ್ತದೆ, ಎಷ್ಟು ಇಲ್ಲದಿದ್ದರೆ ನಡೆಯುತ್ತದೆ, ಆಗ ಎಷ್ಟು ತೂಕ ಕಡಿಮೆ ಹೊರಬೇಕು, ಎಲ್ಲ ಅದರಲ್ಲಿದೆ. ಆ ಪಟ್ಟಿಯಲ್ಲಿ ಹೆಸರಿಲ್ಲದ ಭಾಗ ಕಾಣೆಯಾಗಿದ್ದರೆ ವಿಮಾನ ನಿಂತಿತು ಅಂತಲೇ.

ಈಗ ಭಯ ಪಡಬೇಕಾದ ವಿಷಯಕ್ಕೆ ಬರುತ್ತೇನೆ. ವಿಮಾನ ಸದಾ ನಡುಗುತ್ತಿರುತ್ತದೆ. ಪ್ರತಿ ಸಲ ಮೇಲೆ ಹೋದಾಗ ಒಳಗಿನ ಒತ್ತಡಕ್ಕೆ ಮೈ ಸ್ವಲ್ಪ ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ಹಾಗಾಗಿ ಮುಖ್ಯ ಜಾಗದ ನಟ್ಟುಗಳನ್ನು ಬರೀ ಬಿಗಿ ಮಾಡಿ ಬಿಡುವುದಿಲ್ಲ. ತಂತಿ ಹೆಣೆದು ಕಟ್ಟುತ್ತೇವೆ, ಪಿನ್ ಹಾಕುತ್ತೇವೆ, ಬಿಗಿ ಮಾಡಿದ ಮೇಲೆ ಹಲವು ಕಡೆ ನಟ್ಟಿನಿಂದ ಪಕ್ಕದ ಲೋಹಕ್ಕೆ ಹಾಯುವಂತೆ ಬಣ್ಣದ ಗೆರೆ ಎಳೆಯುತ್ತೇವೆ. ಗೆರೆ ಮುರಿದು ಕಂಡರೆ ನಟ್ಟು ತಿರುಗಿದೆ. ಇಷ್ಟೆಲ್ಲ ಇರುವಾಗ ನಟ್ಟು ತಾನಾಗಿ ಕಳಚಿ ದೊಡ್ಡ ಭಾಗ ಬೀಳುವುದು ಕಡಿಮೆ. ನನ್ನ ಅನುಭವದಲ್ಲಿ ಜಾಸ್ತಿ ಹೆದರಬೇಕಾದದ್ದು, ಯಾರೋ ಬಿಚ್ಚಿ, ಮತ್ತೆ ಹಾಕದೇ ಹೋದದ್ದಕ್ಕೆ. ಮತ್ತು ಬಿಚ್ಚಿದೆ ಅಂತ ಬರೆದಿಡದೇ ಹೋದದ್ದಕ್ಕೆ.

2013ರ ಮೇ 24ರಂದು ಲಂಡನ್ನಿನ ಹೀಥ್ರೂನಿಂದ ಓಸ್ಲೋಗೆ ಹೊರಟ ಎ319 ವಿಮಾನದ ಎರಡೂ ಎಂಜಿನ್‌ಗಳ ಮುಚ್ಚಳಗಳು ಮೇಲೇಳುವಾಗಲೇ ಕಿತ್ತು ಹೋದವು. ಇಂಧನ ಸೋರಿತು, ಒಂದು ಎಂಜಿನ್‌ಗೆ ಬೆಂಕಿ ಹತ್ತಿತು, ವಾಪಸ್ ಬಂದು ಇಳಿದರು, ಎಲ್ಲರೂ ಬದುಕಿದರು. ಆ ಮುಚ್ಚಳಗಳ ಚಿಲಕ ಎಂಜಿನ್ನಿನ ಹೊಟ್ಟೆಯ ಕೆಳಗೆ ಇರುತ್ತವೆ, ನೋಡಬೇಕಾದರೆ ನೆಲಕ್ಕೆ ಬಗ್ಗಬೇಕು. ರಾತ್ರಿ ಪಾಳಿಯವರು ಚಿಲಕ ಹಾಕದೇ ಬೇರೆ ಕೆಲಸಕ್ಕೆ ಹೋಗಿದ್ದರು. ಮುಗಿಸಲು ವಾಪಸ್ ಬಂದವರು ಅದೇ ತರಹದ ಇನ್ನೊಂದು ವಿಮಾನದ ಹತ್ತಿರ ಹೋದರು. ಅಲ್ಲಿ ಚಿಲಕ ಹಾಕಿಯೇ ಇತ್ತು, ಯಾರೋ ಹಾಕಿದ್ದಾರೆ ಅಂದುಕೊಂಡರು. ಬೆಳಿಗ್ಗೆ ಸುತ್ತು ಹಾಕಿ ನೋಡಿದವರ ಕಣ್ಣಿಗೂ ಬೀಳಲಿಲ್ಲ. ಆಮೇಲೆ ಚಿಲಕಕ್ಕೆ ಕೀಲಿ ಬಂತು. ಚಿಲಕ ಹಾಕದಿದ್ದರೆ ಕೀಲಿ ಹೊರಗೆ ಬರುವುದೇ ಇಲ್ಲ, ಕೀಲಿಗೆ ಉದ್ದನೆಯ ಕೆಂಪು ಪಟ್ಟಿ ನೇತಾಡುತ್ತಿರುತ್ತದೆ.

1991ರ ಸೆಪ್ಟೆಂಬರ್ 11, ಟೆಕ್ಸಾಸ್. ಚಿಕ್ಕ ಎಂಬ್ರಾಯರ್ ವಿಮಾನ. ಬಾಲದ ಅಡ್ಡ ರೆಕ್ಕೆಯ ಮುಂದಂಚಿನ 47 ಸ್ಕ್ರೂಗಳನ್ನು ಸಂಜೆ ಪಾಳಿಯವರು ಬಿಚ್ಚಿದ್ದರು. ರಾತ್ರಿ ಪಾಳಿಯವರಿಗೆ ಗೊತ್ತಾಗಲಿಲ್ಲ, ಸರಿಯಾಗಿ ಬರೆದಿರಲಿಲ್ಲ. ಬೆಳಿಗ್ಗೆ ವಿಮಾನ ಹೊರಟಿತು. ಮುಂದಂಚು ಕಿತ್ತುಹೋಗಿ 14 ಜನ ಸತ್ತರು. ನಾವು ಓದುವಾಗ ಈ ಪಾಠ ಬಂದ ದಿನ ಕ್ಲಾಸಿನಲ್ಲಿ ಯಾರೂ ಮಾತಾಡಲಿಲ್ಲ. ಈಗಲೂ ಪಾಳಿ ಬಿಟ್ಟು ಮನೆಗೆ ಹೋಗುವಾಗ ದಾರಿಯಲ್ಲಿ ನೆನಪಾದರೆ ಫೋನ್ ಮಾಡಿ ಕೇಳುತ್ತೇನೆ, ಆ ಪ್ಯಾನಲ್ ಬರೆದಿದ್ದೀಯಾ ಅಂತ.

ನೀವು ಓದಿದ ಬಾಗಿಲಿನ ಕಥೆಯೂ ಇದೇ. 2024ರ ಜನವರಿ 5, ಅಮೆರಿಕದ ಪೋರ್ಟ್‌ಲ್ಯಾಂಡ್, 737 ಮ್ಯಾಕ್ಸ್ 9. ಬಾಗಿಲಿನ ಜಾಗಕ್ಕೆ ಕೂರಿಸಿದ ದೊಡ್ಡ ಮುಚ್ಚಳ ಸುಮಾರು 15 ಸಾವಿರ ಅಡಿಯಲ್ಲಿ ಹಾರಿಹೋಯಿತು. ಕಾರ್ಖಾನೆಯಲ್ಲಿ ರಿವೆಟ್ ಸರಿ ಮಾಡಲು ಅದನ್ನು ತೆಗೆದಿದ್ದರು, ಮತ್ತೆ ಇಟ್ಟಾಗ ಹಿಡಿದಿಡುವ ನಾಲ್ಕು ಬೋಲ್ಟ್ ಹಾಕಿರಲಿಲ್ಲ. ತೆಗೆದದ್ದಕ್ಕೆ ದಾಖಲೆಯೇ ಇರಲಿಲ್ಲ. ದಾಖಲೆ ಇದ್ದಿದ್ದರೆ, ಹಾಕಿದೆಯಾ ಅಂತ ಇನ್ನೊಬ್ಬರು ಬಂದು ನೋಡಲೇಬೇಕಿತ್ತು. ವಿಮಾನದಲ್ಲಿದ್ದ 177 ಜನರೂ ಉಳಿದರು. ಆ ಮುಚ್ಚಳ ಒಬ್ಬ ಮೇಷ್ಟ್ರ ಹಿತ್ತಲಿನಲ್ಲಿ ಸಿಕ್ಕಿತು.

ಹಾಗಾಗಿ ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಚೌಕಟ್ಟು ಬಿಟ್ಟುಕೊಂಡದ್ದರಿಂದ ಅಪಾಯ ಇರಲಿಲ್ಲ. ಹೇಳದೇ ಇದ್ದದ್ದು ಸರಿ ಇರಲಿಲ್ಲ. ನಿಮ್ಮನ್ನು ಬೈಯುತ್ತಿಲ್ಲ. ನೀವು ಹೇಳಿದ್ದರೆ ಅವರು ಬರೆಯುತ್ತಿದ್ದರು, ಬರೆದಿದ್ದರೆ ದೆಹಲಿಯಲ್ಲಿ ನನ್ನಂಥವನೊಬ್ಬ ಬಂದು ಅದನ್ನು ಪೂರ್ತಿ ಬಿಚ್ಚಿ ಹಿಂದೆ ಏನಿದೆ ಅಂತಲೂ ನೋಡುತ್ತಿದ್ದ. ನಮಗೆ ವಿಮಾನ ಸಿಗುವುದು ಒಂದು ಗಂಟೆಗೂ ಕಡಿಮೆ, ಅಷ್ಟರಲ್ಲಿ ನೂರೆಂಬತ್ತು ಸೀಟಿನ ಕಿಟಕಿಗಳನ್ನು ಒಂದೊಂದಾಗಿ ಅಲುಗಾಡಿಸಿ ನೋಡಲು ಆಗುವುದಿಲ್ಲ. ಅಲ್ಲಿ ಎರಡೂವರೆ ಗಂಟೆ ಕೂತಿದ್ದವರು ನೀವು.

ಕಡಲ ತಡಿ:

ಮಂಗಳೂರಿನವಳು, ಏಳು ವರ್ಷ ಕ್ಯಾಬಿನ್ ಕ್ರೂ ಆಗಿದ್ದೆ, ಈಗ ಬಿಟ್ಟಿದ್ದೇನೆ. ಹಳೇ ಹ್ಯಾಂಗರ್ ಸರ್ ಹೇಳಿದ್ದಕ್ಕೆ ನನ್ನ ಕಡೆಯಿಂದ ಸ್ವಲ್ಪ ಸೇರಿಸುತ್ತೇನೆ.

ಅಮ್ಮ ದುಡ್ಡಿನ ಬಗ್ಗೆ ಹೆದರಿದ್ದು ಓದಿ ಕಣ್ಣು ತುಂಬಿತು. ಎಷ್ಟು ಸಲ ನೋಡಿದ್ದೇನೆ ಇದನ್ನು. ಟ್ರೇ ಮುರಿದರೆ ಸೆರಗಿನಲ್ಲಿ ಮುಚ್ಚಿಟ್ಟುಕೊಳ್ಳುವವರು, ಸೀಟ್ ಬೆಲ್ಟ್ ಕೊಕ್ಕೆ ಹಿಡಿಯದಿದ್ದರೆ ಸುಮ್ನೆ ಗಂಟು ಹಾಕಿಕೊಂಡು ಕೂರುವವರು. ಹೌದು, ಬೆಲ್ಟಿಗೆ ಗಂಟು. ನಾನು ಬಗ್ಗಿ ನೋಡಿದಾಗ ಆ ಅಜ್ಜ ಕ್ಷಮೆ ಕೇಳಿದರು. ತಪ್ಪು ಅವರದಲ್ಲವೇ ಅಲ್ಲ, ಆದರೂ ಕೇಳಿದರು. ನಾವು ಕ್ರೂ ಕೂಡ ಸ್ವಲ್ಪ ಜವಾಬ್ದಾರರು. ಗಡಿಬಿಡಿಯಲ್ಲಿ ಮುಖ ಗಂಟಿಕ್ಕಿಕೊಂಡು ಓಡಾಡಿದರೆ ಯಾರು ತಾನೇ ಕರೆದು ಹೇಳುತ್ತಾರೆ?

ನಮಗೆ ಟ್ರೇನಿಂಗಿನಲ್ಲಿ ಹೇಳಿಕೊಟ್ಟ ಎರಡು ಘಟನೆ ಇವತ್ತಿಗೂ ಮರೆತಿಲ್ಲ. ಒಂದು ಹವಾಯಿಯದು, 1988ರ ಏಪ್ರಿಲ್ 28. ಹೀಲೋದಿಂದ ಹೊನೊಲುಲುಗೆ ಹೊರಟ ಹಳೇ 737. ಅಷ್ಟರಲ್ಲಿ ಅದು 89 ಸಾವಿರಕ್ಕೂ ಹೆಚ್ಚು ಸಲ ಹಾರಿ ಇಳಿದಿತ್ತು. 24 ಸಾವಿರ ಅಡಿಯಲ್ಲಿ ಮುಂಭಾಗದ ಚಾವಣಿಯೇ ಕಿತ್ತು ಹಾರಿಹೋಯಿತು. ಒಬ್ಬ ಗಗನಸಖಿ ಹೊರಗೆ ಸೆಳೆದು ಹೋದರು, ಮತ್ತೆ ಸಿಗಲೇ ಇಲ್ಲ. ಉಳಿದ 94 ಜನ ಬದುಕಿದರು. ತನಿಖೆಯಲ್ಲಿ ಗೊತ್ತಾದದ್ದು ಏನೆಂದರೆ, ಹತ್ತುವಾಗ ಒಬ್ಬ ಪ್ರಯಾಣಿಕರು ಬಾಗಿಲ ಹತ್ತಿರ ವಿಮಾನದ ಮೈ ಮೇಲೆ ಉದ್ದಕ್ಕೆ ಬಿರುಕು ನೋಡಿದ್ದರು. ಯಾರಿಗೂ ಹೇಳಲಿಲ್ಲ. ಅವರು ಕೆಟ್ಟವರಲ್ಲ. ಇಷ್ಟು ದೊಡ್ಡ ವಿಮಾನ, ಇವರಿಗೆಲ್ಲ ಗೊತ್ತಿರುತ್ತದೆ ಬಿಡು ಅಂತ ನಾನಾದರೂ ಅಂದುಕೊಳ್ಳುತ್ತಿದ್ದೆನೇನೋ.

ಇನ್ನೊಂದು ಇಂಗ್ಲೆಂಡಿನ ಕೆಗ್‌ವರ್ತ್, 1989ರ ಜನವರಿ 8. ಇದು ಭಾಗ ಬಿದ್ದ ಕಥೆಯಲ್ಲ, ಎಡ ಎಂಜಿನ್ನಿನ ಬ್ಲೇಡ್ ಮುರಿದದ್ದು. ಹಿಂದೆ ಕೂತವರು ಎಡಗಡೆ ಬೆಂಕಿ ನೋಡಿದರು. ಪೈಲಟ್ ಬಲ ಎಂಜಿನ್ ಆರಿಸಿದ್ದೇವೆ ಅಂತ ಮೈಕಿನಲ್ಲಿ ಹೇಳಿದರು. ಎಡಗಡೆ ಅಲ್ವಾ ಅಂತ ಹಲವರ ಮನಸ್ಸಿಗೆ ಬಂತು. ಒಬ್ಬರೂ ಕೇಳಲಿಲ್ಲ, ಕ್ರೂ ಕೂಡ ಕೇಳಲಿಲ್ಲ. ಸರಿಯಿದ್ದ ಎಂಜಿನ್ ಆರಿತ್ತು. 47 ಜನ ಹೋದರು.

ಹೇಳಿದ್ದರಿಂದ ಒಳ್ಳೆಯದಾದದ್ದೂ ಇದೆ. 2023ರ ಅಕ್ಟೋಬರ್‌ನಲ್ಲಿ ಲಂಡನ್ ಹತ್ತಿರದ ಸ್ಟಾನ್‌ಸ್ಟೆಡ್‌ನಿಂದ ಒಂದು ಎ321 ಕೆಲವೇ ಜನರನ್ನು ಹತ್ತಿಸಿಕೊಂಡು ಹೊರಟಿತ್ತು. ಒಳಗೆ ಸದ್ದು ಜಾಸ್ತಿ, ಚಳಿ ಜಾಸ್ತಿ. ಸಿಬ್ಬಂದಿಯಲ್ಲಿ ಒಬ್ಬರು ಎದ್ದು ಹಿಂದೆ ಹೋಗಿ ನೋಡಿದರೆ ಕಿಟಕಿಯೊಂದರ ಸುತ್ತಲಿನ ರಬ್ಬರ್ ಪಟಪಟ ಹೊಡೆದುಕೊಳ್ಳುತ್ತಿದೆ. ಪೈಲಟ್ ಮುಂದಿನ ಮಾನಿಟರ್‌ಗಳಲ್ಲಿ ಏನೂ ಇಲ್ಲ, ಒತ್ತಡ ಮಾಮೂಲಿ. ಕಣ್ಣಿಂದ ನೋಡಿ ಹೇಳಿದ್ದಕ್ಕೇ ವಿಮಾನ ವಾಪಸ್ ತಿರುಗಿತು. ಇಳಿದು ನೋಡಿದರೆ ಕೆಲವು ಕಿಟಕಿ ಹೊರಗಡೆಯಿಂದ ಇಲ್ಲವೇ ಇಲ್ಲ. ಹಿಂದಿನ ದಿನ ಚಿತ್ರೀಕರಣಕ್ಕೆ ಅಂತ ತುಂಬಾ ಹೊತ್ತು ಹತ್ತಿರದಿಂದ ಹಾಕಿದ ದೊಡ್ಡ ಲೈಟುಗಳ ಬಿಸಿಗೆ ಕರಗಿ ಸೊಟ್ಟಗಾಗಿದ್ದವು. ಯಾವ ಸೆನ್ಸರ್ ಅದನ್ನು ಹೇಳುತ್ತದೆ?

ಮುಂದಿನ ಸಲ ತಲೆ ಮೇಲಿನ ಗುಂಡಿ ಒತ್ತಿ ಕರೆಯಿರಿ. ಸೀಟ್ ನಂಬರ್ ಹೇಳಿ, ಕಂಡದ್ದನ್ನು ಕಂಡ ಹಾಗೆ ಹೇಳಿ. ಏನಾಗಿದೆ ಅಂತ ನೀವು ತೀರ್ಮಾನ ಮಾಡಬೇಕಾಗಿಲ್ಲ. ನಾವು ನೋಡಿ, ಬೇಕಾದರೆ ಕ್ಯಾಪ್ಟನ್‌ಗೆ ಹೇಳಿ, ಕ್ಯಾಬಿನ್ ಲಾಗ್ ಪುಸ್ತಕದಲ್ಲಿ ಬರೆಯುತ್ತೇವೆ. ರೆಕ್ಕೆಯಲ್ಲೋ ಎಂಜಿನ್ನಲ್ಲೋ ಏನಾದರೂ ಬಡಿದುಕೊಳ್ಳುತ್ತಿದ್ದರೆ ತಕ್ಷಣ ಹೇಳಿ, ನೆಲದ ಮೇಲಿದ್ದಾಗಲೇ ಕಂಡರೆ ಇನ್ನೂ ಒಳ್ಳೆಯದು. ಎ320 ನೆಲದಲ್ಲಿರುವಾಗ ನಾಯಿ ಬೊಗಳಿದ ಹಾಗೆ, ಗರಗಸ ಎಳೆದ ಹಾಗೆ ಸದ್ದು ಬರುತ್ತದೆ, ಅದು ಒಂದು ಹೈಡ್ರಾಲಿಕ್ ಪಂಪಿನದು, ಮಾಮೂಲಿ. ಆದರೂ ಕೇಳಿದವರಿಗೆ ನಾನು ಪ್ರತಿ ಸಲ ಉತ್ತರ ಕೊಟ್ಟಿದ್ದೇನೆ.

ನೆಲದವನು:

ಇಂಜಿನಿಯರ್ ಸರ್, ನೀವು ಹೇಳಿದ್ದು ಗೌರವದಿಂದಲೇ ಓದಿದೆ, ಆದರೆ ಒಂದು ಮಾತು. 2022ರ ಫೆಬ್ರವರಿಯಲ್ಲಿ ಮುಂಬೈನಿಂದ ಭುಜ್‌ಗೆ ಹೊರಟ ಎಟಿಆರ್ ವಿಮಾನದ ಎಂಜಿನ್ ಮುಚ್ಚಳ ರನ್‌ವೇ ಮೇಲೆ ಬಿತ್ತು. 2025ರ ಸೆಪ್ಟೆಂಬರ್ 12ರಂದು ಕಾಂಡ್ಲಾದಿಂದ ಮುಂಬೈಗೆ ಹೊರಟ ಕ್ಯೂ400ರ ಚಕ್ರವೇ ಕಳಚಿ ಬಿತ್ತು. ಎರಡೂ ಸಲ "ಸುರಕ್ಷಿತವಾಗಿ ಇಳಿಯಿತು" ಅಂತ ಸುದ್ದಿ ಬಂದು ಮುಗಿಯಿತು. ಒಳಗಿದ್ದವರು ಸುರಕ್ಷಿತ, ಸರಿ. ಕೆಳಗಿದ್ದವರು? ಮುಂದೆ ಬರುವ ವಿಮಾನ? ನಾನು ಏರ್‌ಪೋರ್ಟ್ ದಾರಿಯಲ್ಲೇ ಮನೆ ಮಾಡಿಕೊಂಡಿರುವವನು, ಅದಕ್ಕೇ ಕೇಳುತ್ತಿದ್ದೇನೆ.

ಚಿಬಾ ಕನ್ನಡಿಗ:

ಜಪಾನಿನಿಂದ. ನೆಲದವನು ಅವರು ಕೇಳಿದ್ದು ಇಲ್ಲಿ ದೊಡ್ಡ ವಿಷಯ. 2017ರ ಸೆಪ್ಟೆಂಬರ್‌ನಲ್ಲಿ ಒಸಾಕಾದ ಕಾನ್ಸಾಯ್ ಏರ್‌ಪೋರ್ಟಿನಿಂದ ಆಮ್‌ಸ್ಟರ್‌ಡ್ಯಾಮ್‌ಗೆ ಹೊರಟ 777ರಿಂದ ಸುಮಾರು 4 ಕಿಲೋ ತೂಕದ ಪ್ಯಾನಲ್ ಬಿದ್ದು ಊರೊಳಗೆ ಓಡುತ್ತಿದ್ದ ಕಾರಿಗೆ ಬಡಿಯಿತು. ಅದೃಷ್ಟ, ಯಾರಿಗೂ ಏಟಾಗಲಿಲ್ಲ. ಅದರ ನಂತರ ಸರ್ಕಾರ ಬಿಗಿ ನಿಯಮ ತಂದಿತು. ಭಾಗಗಳು ಬೀಳದಂತೆ ಏನೇನು ಮಾಡಬೇಕು ಅನ್ನುವುದು ಇಲ್ಲಿಗೆ ಬರುವ ವಿದೇಶಿ ಕಂಪನಿಗಳಿಗೂ ಅನ್ವಯಿಸುತ್ತದೆ.

ನಾನಿರುವುದು ನರಿಟಾ ಏರ್‌ಪೋರ್ಟ್ ಹತ್ತಿರ. ಇಲ್ಲಿ ಸಮುದ್ರದ ಕಡೆಯಿಂದ ಇಳಿಯುವ ವಿಮಾನಗಳು ದಡ ದಾಟುವ ಮೊದಲೇ, ನೀರಿನ ಮೇಲಿರುವಾಗಲೇ ಚಕ್ರ ಇಳಿಸಬೇಕು. ಮೇಲೆ ಹೆಪ್ಪುಗಟ್ಟಿದ ಮಂಜುಗಡ್ಡೆ ಚಕ್ರ ತೆರೆದಾಗ ಉದುರುತ್ತದೆ, ಹೊಲ ಮನೆಗಳ ಮೇಲೆ ಬೀಳುವ ಬದಲು ಸಮುದ್ರಕ್ಕೆ ಬೀಳಲಿ ಅಂತ. ದಡದಲ್ಲಿ ನಿಂತು ನೋಡಿದ್ದೇನೆ, ದೂರದಲ್ಲಿ ಒಂದೊಂದೇ ವಿಮಾನ ಕಾಲು ಚಾಚುತ್ತದೆ. ಏರ್‌ಪೋರ್ಟ್ ಬೇಡ ಅಂತ ರೈತರು ವರ್ಷಗಟ್ಟಲೆ ಗಲಾಟೆ ಮಾಡಿದ ಊರು ಇದು, ಅವರ ಮಾತನ್ನು ಕಡೆಗಣಿಸಲು ಆಗುವುದಿಲ್ಲ.

ಹಳೇ ಹ್ಯಾಂಗರ್:

ನೆಲದವನು ಅವರೇ, ನಿಮ್ಮ ಮಾತು ಸರಿ. ಚಕ್ರ ಬಿದ್ದದ್ದನ್ನು ನಾನು ಚಿಕ್ಕದು ಅನ್ನುವುದಿಲ್ಲ. ಆ ವಿಮಾನದ ಒಂದೊಂದು ದೊಡ್ಡ ಕಾಲಿಗೂ ಎರಡೆರಡು ಚಕ್ರ ಇರುತ್ತವೆ, ಉಳಿದದ್ದರ ಮೇಲೆ ಇಳಿಯಬಹುದು, ಅದಕ್ಕೇ ಇಳಿದರು. ಎಟಿಆರ್ ಎಂಜಿನ್ ಕೂಡ ಮುಚ್ಚಳ ಇಲ್ಲದೆ ಓಡುತ್ತದೆ. ಆದರೆ ಒಂದರ ಬದಲು ಎರಡು ಇಟ್ಟಿರುವುದು ಒಂದನ್ನು ಕಳೆದುಕೊಳ್ಳಲು ಅಲ್ಲ.

ಬಿದ್ದ ಭಾಗ ಮುಂದಿನವರಿಗೆ ಏನು ಮಾಡುತ್ತದೆ ಅನ್ನುವುದಕ್ಕೆ 2000ದ ಜುಲೈ 25 ಸಾಕು. ಪ್ಯಾರಿಸ್‌ನಲ್ಲಿ ಒಂದು ಡಿಸಿ-10 ವಿಮಾನದಿಂದ ಸುಮಾರು ಒಂದೂವರೆ ಅಡಿಯ ಲೋಹದ ಪಟ್ಟಿ ರನ್‌ವೇ ಮೇಲೆ ಬಿತ್ತು. ಕೆಲವೇ ನಿಮಿಷಕ್ಕೆ ಕಾಂಕಾರ್ಡ್ ವಿಮಾನ ಅದರ ಮೇಲೆ ಓಡಿತು. ಟೈರ್ ಸಿಡಿಯಿತು, ರಬ್ಬರ್ ತುಂಡು ಹೋಗಿ ಟ್ಯಾಂಕಿಗೆ ಬಡಿಯಿತು, ಬೆಂಕಿ ಹತ್ತಿತು. 113 ಜನ ಸತ್ತರು, ಅದರಲ್ಲಿ ನಾಲ್ವರು ನೆಲದ ಮೇಲೆ ಇದ್ದವರು. ಪಟ್ಟಿ ಕಳೆದುಕೊಂಡ ವಿಮಾನಕ್ಕೆ ಏನೂ ಆಗಲಿಲ್ಲ, ಅದರಲ್ಲಿದ್ದವರಿಗೆ ಗೊತ್ತೂ ಆಗಲಿಲ್ಲ.

ನನ್ನದೇ ಒಂದು ಹೇಳುತ್ತೇನೆ. ಕೆಲವು ವರ್ಷದ ಹಿಂದೆ ಬೆಳಗಿನ ಜಾವ ನಾಲ್ಕು ಗಂಟೆಗೆ ಕೆಲಸ ಮುಗಿಸಿ ಟೂಲ್ ಪೆಟ್ಟಿಗೆ ಎಣಿಸಿದರೆ ಒಂದು 10 ಎಂಎಂ ಸಾಕೆಟ್ ಇಲ್ಲ. ಪೆಟ್ಟಿಗೆಯಲ್ಲಿ ಪ್ರತಿ ಟೂಲಿಗೂ ಅದರ ಆಕಾರದ ಗೂಡು ಇರುತ್ತದೆ, ಒಂದು ಗೂಡು ಖಾಲಿ. ಐದೂವರೆಗೆ ವಿಮಾನ ಹೊರಡಬೇಕು. ನಾನು ಸಹಿ ಹಾಕಲಿಲ್ಲ. ಮುಚ್ಚಿದ ಪ್ಯಾನಲ್‌ಗಳನ್ನೆಲ್ಲ ಮತ್ತೆ ಬಿಚ್ಚಿದೆವು. ಪ್ರಯಾಣಿಕರು ಗೇಟಿನಲ್ಲಿ ಕೂಗಾಡುತ್ತಿದ್ದಾರೆ ಅಂತ ಫೋನ್ ಮೇಲೆ ಫೋನ್. ಆರೂಕಾಲಿಗೆ ಸಿಕ್ಕಿತು, ಹೊಸ ಹುಡುಗನೊಬ್ಬನ ಪ್ಯಾಂಟಿನ ಮಡಿಕೆಯಲ್ಲಿ. ಅವನು ಅಳುತ್ತಿದ್ದ. ನಾನು ಬೈಯಲಿಲ್ಲ, ಎಣಿಸಿದ್ದು ಅವನೇ, ಇಲ್ಲ ಅಂತ ಹೇಳಿದ್ದೂ ಅವನೇ. ಮುಂದಿನ ಸಲ ನಿಮ್ಮ ವಿಮಾನ "ತಾಂತ್ರಿಕ ಕಾರಣ" ಅಂತ ಒಂದು ಗಂಟೆ ತಡವಾದರೆ, ಕೆಳಗೆ ಇಂಥದ್ದೇನೋ ನಡೆಯುತ್ತಿರಬಹುದು.

ಕಿಟಕಿ ಸೀಟು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ಸಲ ಓದಿದೆ. ಅಮ್ಮನಿಗೂ ಓದಿ ಹೇಳಿದೆ. ದುಡ್ಡು ಕೇಳುವುದಿಲ್ಲ ಅಂತ ಹೇಳಿದ ಮೇಲೂ "ಆ ಸರ್ ಹತ್ತಿರ ಇನ್ನೊಂದು ಸಲ ಕೇಳು" ಅಂದಳು. ಬೆಲ್ಟಿಗೆ ಗಂಟು ಹಾಕಿದ ಅಜ್ಜನ ಕಥೆಗೆ ಸುಮ್ಮನಾದಳು.

ಇವತ್ತು ಬೆಳಿಗ್ಗೆ ಕಂಪನಿಯ ವೆಬ್‌ಸೈಟಿನಲ್ಲಿ ದೂರು ಬರೆಯುವ ಜಾಗ ಹುಡುಕಿದೆ. ಸಾಮಾನು ಕಳೆದರೆ, ಟಿಕೆಟ್ ರದ್ದಾದರೆ, ಊಟ ಸರಿ ಇಲ್ಲದಿದ್ದರೆ ಎಲ್ಲದಕ್ಕೂ ಜಾಗ ಇದೆ, ಇದಕ್ಕೆ ಇಲ್ಲ. "ಇತರೆ" ಅನ್ನುವಲ್ಲಿ ಬರೆಯುತ್ತಿದ್ದೇನೆ. ಬೋರ್ಡಿಂಗ್ ಪಾಸ್ ಪುಣ್ಯಕ್ಕೆ ಪರ್ಸಿನಲ್ಲೇ ಇದೆ. ಆದರೆ ಅದು ಯಾವ ವಿಮಾನ, ಅದರ ಬಾಲದ ಮೇಲೆ ಏನು ಬರೆದಿತ್ತು ಅಂತ ಗೊತ್ತಿಲ್ಲ. ಅದಿಲ್ಲದೆ ಬರೆದರೆ ಅವರಿಗೆ ಸಿಗುತ್ತದಾ?

ಹಳೇ ಹ್ಯಾಂಗರ್:

ಸಿಗುತ್ತದೆ. ಫ್ಲೈಟ್ ನಂಬರ್, ತಾರೀಕು, ಸೀಟ್ ನಂಬರ್ ಇದ್ದರೆ ಆ ದಿನ ಯಾವ ವಿಮಾನ ಹೋಗಿತ್ತು ಅಂತ ಒಂದು ನಿಮಿಷದಲ್ಲಿ ತೆಗೆಯುತ್ತಾರೆ. ಯಾವ ಬದಿ ಬಿಟ್ಟುಕೊಂಡಿತ್ತು, ಮೇಲಾ ಕೆಳಗಾ, ಅದನ್ನೂ ಬರೆಯಿರಿ. ಟೇಪ್ ಎಲ್ಲಿ ಕಂಡಿತು ಅನ್ನುವುದನ್ನೂ. ಅಮ್ಮನಿಗೆ ಹೇಳಿ, ಇನ್ನೊಂದು ಸಲ ಕೇಳಿದ್ದಕ್ಕೆ ಉತ್ತರ ಅದೇ: ಒಂದು ರೂಪಾಯಿಯೂ ಇಲ್ಲ.